ಆರ್ಥರ್ ಕಾರಿನ ಮೂರನೆಯ ಬ್ರಾಕೆಟ್ಟು

ಕ್ಯಾಂಪ್‌ಬೆಲ್: ಮೊದಲು ಯಾರು?

ಅಮೆರಿಕದಲ್ಲಿ ನಾನು ಕಣ್ತುಂಬ ನೋಡಿದ ಪ್ರೇಕ್ಷಣೀಯ ಸ್ಥಳ ಯಾವುದೆಂದರೆ ಒಂದು ಗರಾಜು. ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಕೆಂಪು ಸೇತುವೆಗೂ ಹೋಗಿದ್ದೆ, ಇಲ್ಲವೆನ್ನುವುದಿಲ್ಲ. ಆದರೆ ಅವತ್ತು ಮಂಜು ಕವಿದು ಸೇತುವೆಯ ಒಂದು ಕಾಲು ಮಾತ್ರ ಕಂಡಿತು. ಉಳಿದದ್ದನ್ನು ನನ್ನ ತಂಗಿ ಸುಮಾ ಕೈಯಾಡಿಸಿ ತೋರಿಸಿದಳು. ವಾಪಸು ಬಂದ ಮೇಲೆ ಮನೆಗೆ ಬಂದವರೆಲ್ಲ ಸೇತುವೆಯನ್ನೇ ವಿಚಾರಿಸುತ್ತಾರೆ. ನಾನು ಗರಾಜಿನ ವಿಷಯ ತೆಗೆದರೆ ಕಾಫಿ ಲೋಟ ಕೆಳಗಿಟ್ಟು ಏಳುತ್ತಾರೆ. ಓದುವವರು ಎದ್ದು ಹೋದರೂ ನನಗೆ ಕಾಣುವುದಿಲ್ಲವಲ್ಲ, ಆ ಧೈರ್ಯದಿಂದ ಬರೆಯುತ್ತಿದ್ದೇನೆ.

ನಾನು ವಿಶಾಲಾಕ್ಷಿ. ಮೈಸೂರಿನಲ್ಲಿ ಪಾಲಿಟೆಕ್ನಿಕ್ ಓದಿ, ಬೆಂಗಳೂರಿನ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಮೂವತ್ತೆರಡು ವರ್ಷ ಯಂತ್ರಗಳ ಬಿಡಿಭಾಗಗಳ ನಕ್ಷೆ ಬರೆದು ನಿವೃತ್ತಳಾದವಳು. ಸುಮಾ ಮಕ್ಕಳ ಡಾಕ್ಟರು, ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕಿರುವ ಕ್ಯಾಂಪ್‌ಬೆಲ್ ಎಂಬ ಊರಿನಲ್ಲಿ ನೆಲೆಸಿ ಬಹಳ ವರ್ಷಗಳಾದವು. "ರಿಟೈರ್ ಆದ್ಮೇಲೂ ಇನ್ನೇನ್ ನೆಪ ಹೇಳ್ತೀಯಾ ಅಕ್ಕ, ಬಾ ಸುಮ್ನೆ" ಎಂದು ಫೋನಿನಲ್ಲಿ ಗದರಿಸಿದ್ದಕ್ಕೆ ಎರಡು ತಿಂಗಳ ಮಟ್ಟಿಗೆ ಹೋಗಿದ್ದೆ.

ಅವಳು ಕ್ಲಿನಿಕ್ಕಿಗೆ ಹೋದ ಮೇಲೆ ನನಗೆ ಕೆಲಸವಿರಲಿಲ್ಲ. ಬೆಳಗ್ಗೆ ಸೀರೆ ಉಟ್ಟು, ಕಾಲಿಗೆ ಅವಳದೇ ಬೂಟು ಹಾಕಿ ವಾಕಿಂಗ್ ಹೊರಡುತ್ತಿದ್ದೆ. ಅಲ್ಲಿ ನಾಲ್ಕು ರಸ್ತೆ ಕೂಡುವಲ್ಲಿ ಪೊಲೀಸಿನವನೂ ಇಲ್ಲ, ದೀಪವೂ ಇಲ್ಲ. ನಿಲ್ಲು ಎಂದು ಬರೆದ ಕೆಂಪು ಹಲಗೆ ಇದೆ, ಬಂದವರೆಲ್ಲ ನಿಲ್ಲುತ್ತಾರೆ. ಮೂರನೆಯ ದಿನ ನಾನು ರಸ್ತೆಯ ಅಂಚಿಗೆ ಬಂದಾಗ ಒಂದು ಕಾರು ಬಂದು ನಿಂತಿತು. ಕಾರು ಹೋಗಲಿ ಎಂದು ನಾನು ನಿಂತೆ. ನಾನು ಹೋಗಲಿ ಎಂದು ಕಾರಿನವರು ನಿಂತರು. ನಾನು ಕೈಬೀಸಿ ಹೋಗಿ ಎಂದೆ, ಅವರೂ ಕೈಬೀಸಿದರು. ಬೆಂಗಳೂರಿನಲ್ಲಿ ಮೂವತ್ತೆರಡು ವರ್ಷ ಜೀವ ಉಳಿಸಿಕೊಂಡವಳು ನಾನು. ಕಾರಿನ ಮುಂದೆ ಕಾಲಿಡುವಷ್ಟು ದಡ್ಡಿಯಲ್ಲ. ಕೊನೆಗೆ ಕಾರಿನ ಗಾಜು ಇಳಿಯಿತು. ಬಿಳಿ ಮೀಸೆಯ ಒಬ್ಬ ಮುದುಕರು ತಲೆ ಹೊರಹಾಕಿದರು.

"ಅಮ್ಮಾ, ನನಗೆ ಎಂಬತ್ತೆರಡು. ನೀವು ಇನ್ನೂ ನಿಂತರೆ ಎಂಬತ್ತಮೂರಾಗುತ್ತೆ" ಎಂದರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಅವರೇ ಆರ್ಥರ್. ಸುಮಾ ಮನೆಯಿಂದ ಮೂರನೆಯ ಮನೆ. ಮನೆಯ ಮುಂದೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತಮ್ಮ ಹಿತ್ತಲಿನ ನಿಂಬೆಹಣ್ಣು ತುಂಬಿಟ್ಟು, ಬೇಕಾದವರು ಒಯ್ಯಿರಿ ಎಂದು ಚೀಟಿ ಅಂಟಿಸುತ್ತಿದ್ದರು. ಆ ಊರಿನಲ್ಲಿ ಹಾಗೊಂದು ಪದ್ಧತಿ. ನಮ್ಮ ಬೀದಿಯಲ್ಲಾಗಿದ್ದರೆ ಹಣ್ಣಿನ ಜೊತೆ ಪೆಟ್ಟಿಗೆಯೂ ಹೋಗುತ್ತಿತ್ತು. ಸುಮಾ ಆ ನಿಂಬೆಹಣ್ಣಿನಲ್ಲೇ ಉಪ್ಪಿನಕಾಯಿ ಹಾಕುವವಳಾದ್ದರಿಂದ, ಒಂದು ಸೀಸೆ ಹಿಡಿದು ಧನ್ಯವಾದ ಹೇಳಲು ನನ್ನನ್ನು ಕಳಿಸಿದಳು. ಗರಾಜಿನ ಬಾಗಿಲು ತೆರೆದಿತ್ತು.

ಗರಾಜಿನೊಳಗೆ

ಅಮೆರಿಕದ ಗರಾಜಿನಲ್ಲಿ ಕಾರೊಂದು ಬಿಟ್ಟು ಮಿಕ್ಕೆಲ್ಲ ಇರುತ್ತದೆ. ಹಳೆಯ ಸೋಫಾ, ಸೈಕಲ್ಲು, ಕ್ರಿಸ್ಮಸ್ ದೀಪದ ಸರ, ಬಟ್ಟೆ ಒಗೆಯುವ ಮೆಷಿನ್ನು; ಕಾರು ಪಾಪ ಹೊರಗೆ ಬಿಸಿಲಿನಲ್ಲಿ. ಆರ್ಥರ್ ಗರಾಜಿನಲ್ಲಿ ಮಾತ್ರ ನಿಜವಾಗಿಯೂ ಒಂದು ಕಾರಿತ್ತು. ಸಾಸಿವೆ ಬಣ್ಣದ್ದು, ಮುಂದಿನ ಬಲ ಚಕ್ರ ಬಿಚ್ಚಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿತ್ತು. ಹಿಂದಿನ ಗೋಡೆಗೆ ಇಳಿಜಾರು ಡ್ರಾಯಿಂಗ್ ಬೋರ್ಡು, ಅದರ ಮೇಲೆ ಗೆರೆ ಎಳೆಯುವ ಟಿ-ಸ್ಕ್ವೇರು. ಅದನ್ನು ನೋಡಿದ್ದೇ ನನ್ನ ಕೈ ತುರಿಸತೊಡಗಿತು.

"ನಾನೂ ಡ್ರಾಯಿಂಗ್ ಆಫೀಸಿನವಳು" ಎಂದೆ. ಅವರು ಉಪ್ಪಿನಕಾಯಿ ಸೀಸೆ ಅತ್ತ ಇಟ್ಟು ನನಗೆ ಕುರ್ಚಿ ಕೊಟ್ಟರು.

ಎಪ್ಪತ್ತರ ದಶಕದ ಇಂಗ್ಲೆಂಡಿನ ಫ್ಯಾಮಿಲಿ ಕಾರು ಅದು. ಹೆಸರು ಹೇಳುವುದಿಲ್ಲ, ಅದನ್ನು ಬೈಯುವವರು ಈಗಲೇ ಬೇಕಾದಷ್ಟಿದ್ದಾರೆ. ಹದಿನಾರನೆಯ ವಯಸ್ಸಿಗೆ ಪೆನ್ಸಿಲ್ ಹಿಡಿದ ಆರ್ಥರ್, ಆ ಕಾರು ಹುಟ್ಟಿದಾಗ ಅದರ ಮುಂದಿನ ಚಕ್ರಗಳನ್ನು ಹಿಡಿದು ಕುಲುಕು ತಡೆಯುವ ಸಸ್ಪೆನ್ಷನ್ನಿನ ನಕ್ಷೆ ಬರೆದ ಗುಂಪಿನಲ್ಲಿದ್ದರಂತೆ. ಕಾರು ಹುಟ್ಟಿದ ಕಥೆಯನ್ನು ಅವರು ಹೇಳುತ್ತಿದ್ದುದು ನಮ್ಮಲ್ಲಿ ಮನೆಯ ಹಿರಿಯರು ಒಂದು ಅವಸರದ ಮದುವೆಯ ಕಥೆ ಹೇಳುವ ಹಾಗೆ. ಎದುರಾಳಿ ಕಂಪನಿಯ ಕಾರು ಬಿಸಿದೋಸೆಯಂತೆ ಖರ್ಚಾಗುತ್ತಿತ್ತು. ಊರೂರು ತಿರುಗುವ ಸೇಲ್ಸ್‌ಮನ್‌ಗಳಿಗೆಲ್ಲ ಅದೇ ಬೇಕು. ಇವರ ಕಂಪನಿಗೆ ಅದಕ್ಕೆ ಸರಿಗಟ್ಟುವ ಕಾರು ಬೇಕಿತ್ತು, ಅದೂ ತಕ್ಷಣ. ಹೊಸದಾಗಿ ಎಲ್ಲವನ್ನೂ ಮಾಡುವಷ್ಟು ಸಮಯವಿಲ್ಲ. ಹೊರಮೈ ಹೊಸದು, ಒಳಗಿನ ಮುಂಗಾಲು, ಅಂದರೆ ಆ ಸಸ್ಪೆನ್ಷನ್ನು, ಎರಡನೆಯ ಮಹಾಯುದ್ಧ ಮುಗಿದ ಕಾಲದ ಒಂದು ಚಿಕ್ಕ ಕಾರಿನದು. ಎರಡು ಬಾಗಿಲಿನ ಮಾದರಿಗೂ ನಾಲ್ಕು ಬಾಗಿಲಿನ ಮಾದರಿಗೂ ಮುಂದಿನ ಬಾಗಿಲು ಒಂದೇ.

"ಆಮೇಲೆ ಅದರ ಮೂಗಿನಲ್ಲಿ ದೊಡ್ಡ ಎಂಜಿನ್ ಇಟ್ಟರು. ಮೂಗು ಭಾರವಾಯ್ತು. ತಿರುವಿನಲ್ಲಿ ನೀವು ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರ ಹೋಗೋಕೆ ನೋಡುತ್ತೆ, ಹೊರಕ್ಕೆ ಎಳೆಯುತ್ತೆ. ಪತ್ರಿಕೆಯವರು ಓಡಿಸಿ ನೋಡಿ ಬರೆದೇಬಿಟ್ಟರು. ಮತ್ತೆ ಓಡಿಬಂದು ನಕ್ಷೆ ತಿದ್ದಿದೆವು. ಮೇಲಿನವರು ನಮಗೆ ಟೈಮ್ ಕೊಟ್ಟಿದ್ದರೆ..." ಎಂದು ನಿಲ್ಲಿಸುತ್ತಿದ್ದರು.

ನಾನು ನಕ್ಕೆ. ನಮ್ಮಲ್ಲೂ ಬ್ರಿಟಿಷರು ಕೈಬಿಟ್ಟ ಕಾರಿಗೆ ವರ್ಷಕ್ಕೊಂದು ಹೊಸ ಮೂಗು ಅಂಟಿಸಿ ನಲವತ್ತು ವರ್ಷ ಓಡಿಸಿದೆವಲ್ಲ. ಮದುವೆಗೂ ಅದೇ, ಮಂತ್ರಿಗೂ ಅದೇ. ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಿ, ಮಗು ಹುಟ್ಟಿ ಶಾಲೆಗೆ ಸೇರಿದ ಮೇಲೆ ಕಾರು ಬರುತ್ತಿತ್ತು. ಇಂಗ್ಲೆಂಡಿನವರಿಗೆ ಬೇರೆ ಕಾರು ಕೊಳ್ಳುವ ಅವಕಾಶವಿತ್ತು, ಅದಕ್ಕೇ ಬೈದರು. ನಮಗೆ ಇರಲಿಲ್ಲ, ಅದಕ್ಕೇ ಪ್ರೀತಿಸಿದೆವು ಅಂತ ನನಗನ್ನಿಸುತ್ತದೆ.

ಅಮೆರಿಕದಲ್ಲೂ ಆ ಕಾರನ್ನು ಕೆಲವು ಕಾಲ ಮಾರಿದ್ದರು. ನಲವತ್ತು ವರ್ಷಕ್ಕೂ ಹಿಂದೆ ಹತ್ತಿರದ ಊರು ಸನ್ನಿವೇಲಿನ ಒಂದು ಕಾರ್ಖಾನೆಗೆ ಕೆಲಸಕ್ಕೆ ಬಂದ ಆರ್ಥರ್, ಇಲ್ಲಿಯ ಯಾರದೋ ಹಿತ್ತಲಿನಲ್ಲಿ ತುಕ್ಕು ಹಿಡಿಯುತ್ತಿದ್ದ ಇದನ್ನು ಕಂಡು ಮನೆಗೆ ತಂದಿದ್ದರು.

ಎರಡು ಮಾದರಿಗೂ ಒಂದೇ ಬಾಗಿಲಿನ ಕಥೆಯನ್ನು ಅವರು ಅದೇ ಮಧ್ಯಾಹ್ನ ಎರಡು ಸಲ ಹೇಳಿದರು. ವಯಸ್ಸಾದವರು ಹೇಳಿದ್ದನ್ನೇ ಹೇಳುತ್ತಾರೆ. ನಾನೂ ಹೇಳುತ್ತೇನೆ ಎಂದು ಸುಮಾ ದೂರುತ್ತಾಳೆ. ನಾನದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಎರಡು ಎಡಗಡೆಯವು

ಮುಂದಿನ ವಾರ ದಿನಾ ಹೋದೆ. "ಅಕ್ಕ, ನಾನು ಇನ್ನೂರ್ ಡಾಲರ್ ಕೊಟ್ಟು ಮ್ಯೂಸಿಯಮ್ ಪಾಸ್ ತಗೊಂಡಿದೀನಿ, ನೀನು ಗರಾಜಲ್ಲಿ ಕೂತಿರ್ತೀಯಾ" ಎಂದು ಸುಮಾ ಸಿಡುಕಿದಳು. ಮ್ಯೂಸಿಯಮ್ಮಿನಲ್ಲಿ ಏನನ್ನೂ ಮುಟ್ಟಗೊಡುವುದಿಲ್ಲ ಎಂದೆ.

ಆರ್ಥರ್ ಅವರಿಗೆ ಬೇಕಿದ್ದದ್ದು ಅಂಗೈಯಗಲದ ಒಂದು ಉಕ್ಕಿನ ಬ್ರಾಕೆಟ್ಟು, ಸಸ್ಪೆನ್ಷನ್ನನ್ನು ಕಾರಿಗೆ ಹಿಡಿದಿಡುವ ತುಂಡು. ಬಲಗಡೆಯ ಚಕ್ರದ್ದು ಬಿರುಕು ಬಿಟ್ಟಿತ್ತು. ಹೊಸದು ಎಲ್ಲೂ ಸಿಗದು. ತಾವೇ ನಕ್ಷೆ ಬರೆದು ಸನ್ನಿವೇಲಿನ ಒಂದು ಸಣ್ಣ ವರ್ಕ್‌ಶಾಪಿಗೆ ಕೊಟ್ಟಿದ್ದರು. ಮಾಡಿ ಬಂದದ್ದು ಎಡಗಡೆಯದು. ಬಲಪಾದ ಅಳೆದು ಕೊಟ್ಟರೆ ಎಡಗಾಲಿನ ಚಪ್ಪಲಿ ಬಂದ ಹಾಗೆ. ಮತ್ತೆ ಬರೆದು ಕೊಟ್ಟರು. ಮತ್ತೆ ಎಡಗಡೆಯದೇ ಬಂತು. ಎರಡೂ ಶೆಲ್ಫಿನ ಮೇಲೆ ಅಕ್ಕಪಕ್ಕ ಕೂತಿದ್ದವು.

ಒಂದು ದಿನ ಅವರು ಮೂರನೆಯ ನಕ್ಷೆ ನನ್ನ ಮುಂದಿಟ್ಟರು.

"ನಿಮ್ಮ ಕಣ್ಣಿನಿಂದ ನೋಡಿ. ಇದು ಬಲಗಡೆಯದೋ ಎಡಗಡೆಯದೋ? ನನ್ನ ಕಣ್ಣನ್ನ ನಾನು ನಂಬೋ ಹಾಗಿಲ್ಲ."

"ಯಾಕೆ ಹಾಗಂತೀರಿ, ಆರ್ಥರ್ ಅವರೇ?" ಹಿರಿಯರನ್ನು ಬರಿ ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಕೊನೆಯವರೆಗೂ ಒಪ್ಪಲಿಲ್ಲ.

ಆಗ ಹೇಳಿದರು. ಡಾಕ್ಟರು ಅವರ ನೆನಪಿನ ಪರೀಕ್ಷೆ ಮಾಡಿದ್ದರು, ಫಲಿತಾಂಶ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಮಗಳು ಹೆಲೆನ್ ಮೌಂಟನ್ ವ್ಯೂ ಎಂಬ ಹತ್ತಿರದ ಊರಿನಲ್ಲಿ ಇರುವವಳು, ಶನಿವಾರ ಬಂದು ಹೋಗುತ್ತಾಳೆ. ಅಪ್ಪ ಕಾರು ಓಡಿಸುವುದು ನಿಲ್ಲಿಸಬೇಕು ಎಂದು ಅವಳ ಹಟ. ಜಗಳವಾಗಿ ಕೊನೆಗೆ ಒಂದು ಒಪ್ಪಂದವಾಗಿತ್ತು. ಈ ಹಳೆಯ ಕಾರನ್ನು ಅಪ್ಪ ತಾನೇ ಸರಿಮಾಡಿ ಓಡುವ ಹಾಗೆ ಮಾಡಿದರೆ ಅವಳು ಮತ್ತೆ ಆ ಮಾತೆತ್ತುವುದಿಲ್ಲ. ಆಗದಿದ್ದರೆ, ದಿನಾ ಓಡಿಸುವ ಕಾರಿನ ಬೀಗದ ಕೈಯನ್ನು ಅವಳಿಗೆ ಕೊಟ್ಟುಬಿಡಬೇಕು. ಗಡುವು ಬರುವ ಶನಿವಾರ.

ಕಾರಿಲ್ಲದೆ ಅಲ್ಲಿ ಹಾಲು ತರುವುದಕ್ಕೂ ಇನ್ನೊಬ್ಬರ ಬಾಗಿಲು ತಟ್ಟಬೇಕು. ಆಟೋ ಕರೆದು ಹತ್ತುವ ಊರಲ್ಲ ಅದು.

"ಬಲಗಡೆಯದನ್ನ ಬರೀತಿದೀನಿ ಅಂದುಕೊಂಡು ಎರಡು ಸಲ ಎಡಗಡೆಯದನ್ನ ಬರೆದಿದೀನಿ" ಎಂದರು. "ಬರೆದಾದ ಮೇಲೆ ನೋಡಿದರೂ ನನಗೆ ಬಲಗಡೆಯದಾಗೇ ಕಾಣುತ್ತೆ. ಅದೇ ಭಯ."

ನಾನು ಕನ್ನಡಕ ಒರೆಸಿಕೊಂಡು ಒಂದೊಂದೇ ಗೆರೆ ನೋಡಿದೆ. ಎಂಥ ನಕ್ಷೆ! ಗೆರೆಯ ದಪ್ಪ, ಬಾಣದ ಮೊನೆ, ಅಂಕಿಯ ಬರವಣಿಗೆ, ಎಲ್ಲವೂ ನಮ್ಮ ಹಳೆಯ ಮೇಷ್ಟರು ತಲೆಯ ಮೇಲೆ ಮೊಟಕಿ ಕಲಿಸಿದ ರೀತಿ. ಬಲಗಡೆಯದೇ, ಅನುಮಾನವೇ ಇಲ್ಲ. ಹಾಗೆಂದು ಹೇಳಿದೆ. ನಾಚಿಕೆಯಿಂದ ಅವರು ವರ್ಕ್‌ಶಾಪಿಗೆ ಮೂರನೆಯ ಸಲ ಹೋಗಲಾರದೆ ಇದ್ದರು. ನಾನೂ ಸುಮಾಳೂ ಹೇಗೂ ಮರುದಿನ ಸನ್ನಿವೇಲಿನ ದೇವಸ್ಥಾನಕ್ಕೆ ಹೋಗುವವರಿದ್ದೆವು. ನಾನೇ ಕೊಟ್ಟು ಬರುತ್ತೇನೆಂದು ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಸನ್ನಿವೇಲ್

ದೇವಸ್ಥಾನದಲ್ಲಿ ಮಂಡ್ಯದ ಕಡೆಯ ಒಬ್ಬ ಅಜ್ಜಿ ಮೊಮ್ಮಗಳಿಗೆ "ಪುಟ್ಟಿ, ಅಜ್ಜಿಗೆ ನಮಸ್ಕಾರ ಮಾಡವ್ವ" ಎಂದರೆ, ಆ ಮಗು ನನ್ನ ಬೂಟು ನೋಡಿ ಇಂಗ್ಲಿಷಿನಲ್ಲಿ ಇದು ಚೆನ್ನಾಗಿದೆ ಎಂದಿತು. ಪುಳಿಯೋಗರೆ ತಿಂದು ವರ್ಕ್‌ಶಾಪಿಗೆ ಹೋದೆವು. ಅದು ದೊಡ್ಡ ಆಫೀಸುಗಳ ಹಿಂದಿನ ಓಣಿಯಲ್ಲಿತ್ತು. ಕಂಪ್ಯೂಟರಿನವರ ಊರಿನಲ್ಲಿ ಲೇತ್ ಯಂತ್ರದ ಎಣ್ಣೆಯ ವಾಸನೆ ಮೂಗಿಗೆ ಬಿದ್ದಾಗ ನನಗೆ ಊರಿನದೇ ನೆನಪಾಯಿತು.

ಮಾಲೀಕರು ಮಿಸ್ಟರ್ ಟ್ರಾನ್, ವಿಯೆಟ್ನಾಮಿನಿಂದ ಬಂದ ಅರವತ್ತರ ಮನುಷ್ಯ. ನಕ್ಷೆ ಬಿಡಿಸಿ ನೋಡಿ ನಿಟ್ಟುಸಿರು ಬಿಟ್ಟರು.

"ಮತ್ತೆ ಎಡಗಡೆಯದೇ" ಎಂದರು.

"ಇಲ್ಲ, ಇದು ಬಲಗಡೆಯದು. ನಾನು ನೋಡಿದ್ದೀನಿ" ಎಂದೆ.

"ಮೇಡಂ, ಕಾಗದದ ಮೇಲೆ ಏನಿದೆಯೋ ಅದನ್ನೇ ಮಾಡ್ತೀನಿ. ಮೂವತ್ತು ವರ್ಷದಿಂದ ಅದನ್ನೇ ಮಾಡ್ತಿದೀನಿ."

ನನಗೂ ಮೂವತ್ತೆರಡು ವರ್ಷದ ಅನುಭವ. ನನ್ನ ಸ್ವರ ಏರಿತು. ಸುಮಾ ಹಿಂದಿನಿಂದ ಸೆರಗು ಜಗ್ಗಿ, "ಅಕ್ಕ, ಇದು ಶಿವಾಜಿನಗರ ಅಲ್ಲ, ಸ್ವಲ್ಪ ಮೆಲ್ಲಗೆ ಮಾತಾಡು" ಎಂದಳು. ಟ್ರಾನ್ ಬೇಸರಿಸಿಕೊಳ್ಳದೆ ಪೆನ್ಸಿಲ್ ತೆಗೆದು, ತಮಗೆ ಹೇಗೆ ಕಾಣುತ್ತದೆಂದು ಪಕ್ಕದಲ್ಲೇ ಒಂದು ಚಿತ್ರ ಬರೆದರು. ಬರೆಯುತ್ತಾ ಎಡಕ್ಕಿದ್ದ ಚಿತ್ರದ ಮೇಲೆ ಬೆರಳಿಟ್ಟು, "ಇದು ಎಡದಿಂದ ಕಂಡದ್ದು" ಎಂದರು.

ಆಗ ನನಗೆ ಹೊಳೆಯಿತು.

ಒಂದು ವಸ್ತುವಿನ ನಕ್ಷೆಯಲ್ಲಿ ಎದುರಿನಿಂದ ಕಂಡ ಚಿತ್ರ ನಡುವೆ ಇರುತ್ತದೆ. ಪಕ್ಕದಿಂದ ಕಂಡದ್ದನ್ನು ಎಲ್ಲಿಡಬೇಕು? ನಾವು ಕಲಿತ ಫಸ್ಟ್ ಆ್ಯಂಗಲ್ ಪದ್ಧತಿಯಲ್ಲಿ ಬಲದಿಂದ ಕಂಡದ್ದನ್ನು ಎಡಕ್ಕೆ ಬರೆಯುತ್ತೇವೆ. ಹಳೆಯ ಇಂಗ್ಲೆಂಡಿನ ರೂಢಿ, ನಮಗೂ ಅಲ್ಲಿಂದಲೇ ಬಂದದ್ದು. ಅಮೆರಿಕದವರದು ಥರ್ಡ್ ಆ್ಯಂಗಲ್. ಬಲದಿಂದ ಕಂಡದ್ದು ಬಲಕ್ಕೆ, ಎಡದಿಂದ ಕಂಡದ್ದು ಎಡಕ್ಕೆ. ಯಾವ ಪದ್ಧತಿ ಎಂದು ಮೂಲೆಯಲ್ಲಿ ಒಂದು ಪುಟ್ಟ ಗುರುತು ಹಾಕುವುದು ವಾಡಿಕೆ. ಆರ್ಥರ್ ಅದನ್ನು ಹಾಕಿರಲಿಲ್ಲ. ಒಂದೇ ನಕ್ಷೆ, ನಮ್ಮಿಬ್ಬರ ಕಣ್ಣಿಗೆ ಬಲಗಡೆಯ ಬ್ರಾಕೆಟ್ಟು, ಟ್ರಾನ್ ಕಣ್ಣಿಗೆ ಎಡಗಡೆಯದು. ನಾನೂ ಅದೇ ಪಾಠಶಾಲೆಯವಳಾದ್ದರಿಂದ ಎಷ್ಟು ಸಲ ನೋಡಿದರೂ ಸರಿಯಾಗಿಯೇ ಕಂಡಿತ್ತು. ಕುರುಡರಿಗೆ ಕುರುಡಿ ದಾರಿ ತೋರಿಸಿದ ಹಾಗಾಗಿತ್ತು.

ನಾನು ಮೂಲೆಯಲ್ಲಿ ಗುರುತು ಬರೆದು ತೋರಿಸಿದೆ. ಟ್ರಾನ್ ಅದನ್ನು ನೋಡಿ, ನನ್ನನ್ನು ನೋಡಿ, ಹೊಟ್ಟೆ ಅಲುಗುವ ಹಾಗೆ ನಕ್ಕರು. ಶುಕ್ರವಾರಕ್ಕೆ ಕೊಡುತ್ತೇನೆ, ಇದಕ್ಕೆ ದುಡ್ಡು ಬೇಡ ಎಂದರು.

ಕ್ಯಾಂಪ್‌ಬೆಲ್: ಎರಡು ದಿನ

ದಾರಿಯುದ್ದಕ್ಕೂ ಫ್ರೀವೇನಲ್ಲಿ ಕಾರುಗಳು ಆಮೆಯಂತೆ ತೆವಳುತ್ತಿದ್ದರೆ ನನಗೆ ತಡೆಯಲಾಗದ ಖುಷಿ. ಪರೀಕ್ಷೆಯಲ್ಲಿ ಪಾಸಾದ ಸುದ್ದಿ ಹೊತ್ತವಳಂತೆ ನೇರ ಗರಾಜಿಗೆ ನುಗ್ಗಿದೆ.

"ನಿಮ್ಮ ತಲೆ ಸರಿಯಾಗೇ ಇದೆ! ನೀವು ಬರೆದದ್ದೂ ಸರಿ, ಅವರು ಮಾಡಿದ್ದೂ ಸರಿ. ನೀವು ಫಸ್ಟ್ ಆ್ಯಂಗಲ್, ಅವರು ಥರ್ಡ್ ಆ್ಯಂಗಲ್."

ಆರ್ಥರ್ ಹಣೆ ಚಚ್ಚಿಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾವಿಬ್ಬರೂ ಚಹಾ ಕುಡಿದೆವು. ಅವತ್ತು ನಾನು ನನ್ನನ್ನೇ ಮೆಚ್ಚಿಕೊಂಡು ಮಲಗಿದೆ.

ಮರುದಿನ ಹೋದಾಗ ಅವರು ಡ್ರಾಯಿಂಗ್ ಬೋರ್ಡಿನ ಮುಂದೆ ಸುಮ್ಮನೆ ಕೂತಿದ್ದರು. ಮುಖ ಕ್ಷೌರ ಮಾಡಿರಲಿಲ್ಲ.

"ವಿಶಾಲಾ, ನಾನು ಈ ದೇಶಕ್ಕೆ ಬಂದ ಮೊದಲ ದಿನವೇ ನಮ್ಮ ಮೇಲಿನವರು, ನಿನ್ನ ಇಂಗ್ಲಿಷ್ ಪದ್ಧತಿ ಬಾಗಿಲ ಹೊರಗೆ ಬಿಟ್ಟು ಬಾ ಅಂದಿದ್ದರು. ಆಮೇಲೆ ನಿವೃತ್ತಿಯಾಗೋವರೆಗೂ ಇಲ್ಲಿನ ಪದ್ಧತಿಯಲ್ಲೇ ಬರೆದೆ. ಹೊರದೇಶದಿಂದ ಬಂದ ಹುಡುಗರಿಗೆ ಇದನ್ನ ಕಲಿಸೋದೇ ನನ್ನ ಕೆಲಸ. ಎಷ್ಟು ಜನಕ್ಕೆ ಕಲಿಸಿದೆನೋ."

ನನಗೆ ತಕ್ಷಣ ಅರ್ಥವಾಯಿತು, ಅರ್ಥವಾಗದಿದ್ದರೆ ಚೆನ್ನಾಗಿತ್ತು ಎನಿಸಿತು. ನನಗೆ ಇದು ಹೊಳೆಯದಿದ್ದರೆ ಅದು ರೂಢಿಯಿಲ್ಲದ ಕಾರಣ. ಅವರು ಮರೆತದ್ದು ಬೇರೆಯದೇ. ನಡುವಿನ ಅಷ್ಟೂ ವರ್ಷ ಜಾರಿಹೋಗಿ, ಹದಿನಾರರ ಹುಡುಗ ಕಲಿತದ್ದು ಮಾತ್ರ ಕೈಯಲ್ಲಿ ಉಳಿದಿತ್ತು.

"ಒಂದು ಸಲ ಎಲ್ಲರೂ ಮರೀತಾರೆ" ಎಂದೆ.

"ಮೂರು ಸಲ" ಎಂದರು.

ಶುಭ ಸುದ್ದಿಯೆಂದು ನಾನೇ ಓಡಿಬಂದು ಕೊಟ್ಟದ್ದು ಇದನ್ನೇ. ಮನೆಗೆ ಬಂದು ಸುಮಾಗೆ ಹೇಳಿದಾಗ ಅತ್ತುಬಿಟ್ಟೆ. ಅವಳು ಡಾಕ್ಟರ ದನಿಯಲ್ಲಿ ಅಲ್ಲ, ತಂಗಿಯ ದನಿಯಲ್ಲಿ, "ನೀನ್ ಹೇಳ್ದೇ ಇದ್ದಿದ್ರೂ ಅದು ಅಲ್ಲೇ ಇರ್ತಿತ್ತು ಕಣೇ ಅಕ್ಕ" ಎಂದಳು.

ಶನಿವಾರ

ಬ್ರಾಕೆಟ್ಟು ಕೂತಿತು. ಶುಕ್ರವಾರ ಸಂಜೆ ಆರ್ಥರ್ ತಾವೇ ಕಾರಿನಡಿ ಮಲಗಿ ಬೋಲ್ಟು ಬಿಗಿದರು; ನಾನು ಟಾರ್ಚು ಹಿಡಿದಿದ್ದೆ. ಆ ಕೈಗಳಿಗೆ ಯಾವ ಮರೆವೂ ಇರಲಿಲ್ಲ. ಶನಿವಾರ ಬೆಳಗ್ಗೆ ಕೀಲಿ ತಿರುಗಿಸಿದಾಗ ಕಾರು ಎರಡು ಸಲ ಕೆಮ್ಮಿ ಸ್ಟಾರ್ಟ್ ಆಯಿತು.

ಹೆಲೆನ್ ಬಂದಳು. ಐವತ್ತು ದಾಟಿದ, ನಿದ್ದೆಗೆಟ್ಟ ಕಣ್ಣಿನ ಹೆಂಗಸು. ಕಾರಿನ ಸದ್ದು ಕೇಳಿ ಅವಳ ಮುಖದಲ್ಲಿ ಸಂತೋಷವೂ ಸೋಲೂ ಒಟ್ಟಿಗೆ ಕಂಡವು.

"ಸರಿ ಅಪ್ಪ, ನೀನೇ ಗೆದ್ದೆ. ನಾನು ಮತ್ತೆ ಕೇಳಲ್ಲ" ಎಂದಳು.

ಆರ್ಥರ್ ನನ್ನತ್ತ ತಿರುಗಿದರು. "ಬ್ರಾಕೆಟ್ಟಿನ ವಿಷಯ ಇವಳಿಗೆ ಹೇಳಿ. ನಾನು ಹೇಳಿದರೆ ಅರ್ಧ ಹೇಳ್ತೀನಿ."

ಶೆಲ್ಫಿನಿಂದ ಎಡಗಡೆಯ ಎರಡನ್ನೂ ತೆಗೆದು ಅವಳ ಕೈಗಿಟ್ಟು, ಎರಡು ಪದ್ಧತಿಗಳನ್ನೂ ವಿವರಿಸಿದೆ. ಅವಳು ಗಮನವಿಟ್ಟು ಕೇಳಿ, "ಅಂದರೆ ಇದು ಬರೀ ಗೊಂದಲ, ಅಷ್ಟೇನಾ?" ಎಂದು ಕೇಳಿದಳು. ಹೌದು ಎನ್ನಲಿ ಎಂಬ ಆಸೆ ಅವಳ ದನಿಯಲ್ಲೇ ಇತ್ತು. ಹೌದು ಎಂದಿದ್ದರೆ ಮುಗಿದೇಹೋಗುತ್ತಿತ್ತು. ಆರ್ಥರ್ ನನ್ನನ್ನೇ ನೋಡುತ್ತಿದ್ದರು.

"ಇಲ್ಲಿನ ಪದ್ಧತಿಯನ್ನ ಬೇರೆಯವರಿಗೆ ಕಲಿಸಿದವರೇ ನಿಮ್ಮಪ್ಪ" ಎಂದೆ.

ಆರ್ಥರ್ ಜೇಬಿನಿಂದ ದಿನಬಳಕೆಯ ಕಾರಿನ ಕೀಲಿ ತೆಗೆದು ಮಗಳ ಅಂಗೈಯಲ್ಲಿಟ್ಟು ಮುಚ್ಚಿದರು. ನಂತರ ಹಳೆಯ ಕಾರಿನತ್ತ ಕೈ ತೋರಿ, ಒಂದು ಸುತ್ತು ಹೋಗೋಣ, ನೀನೇ ಓಡಿಸು ಎಂದರು. ನನ್ನನ್ನು ಹಿಂದೆ ಕೂರಿಸಿದರು. ಹೆಲೆನ್‌ಳ ಪಕ್ಕದಲ್ಲಿ ತಾವು ಕೂತರು.

ಹೊರಬೀದಿಗೆ ಬರುವವರೆಗೆ ಚೆನ್ನಾಗಿಯೇ ಹೋಯಿತು. ಪಾರ್ಕಿನ ಹತ್ತಿರದ ತಿರುವಿನಲ್ಲಿ ಹೆಲೆನ್ ಸ್ಟಿಯರಿಂಗ್ ತಿರುಗಿಸಿದರೂ ಕಾರು ಹೊರಕ್ಕೆ ಎಳೆಯಿತು. ಅವಳು ಗಾಬರಿಯಿಂದ ಗಕ್ಕನೆ ನಿಲ್ಲಿಸಿದಳು.

"ಸಾರಿ ಅಪ್ಪ" ಎಂದಳು.

"ನಿನ್ನ ತಪ್ಪಲ್ಲ. ಇದನ್ನ ಹೀಗೆ ಮಾಡಿದವರು ನಾವು. ನಮಗೆ ಗೊತ್ತಿತ್ತು, ಆದರೂ ಆಗಲಿ ಬಿಡು ಅಂತ ಬಿಟ್ವಿ" ಎಂದರು ಆರ್ಥರ್. ಮೇಲಿನವರ ಹೆಸರೆತ್ತಲಿಲ್ಲ. "ತಿರುವು ಬರೋದಕ್ಕೆ ಸ್ವಲ್ಪ ಮೊದಲೇ ನಿಧಾನ ಮಾಡಬೇಕು, ಅಷ್ಟೇ."

ಹೆಲೆನ್ ಕಣ್ಣೊರೆಸಿಕೊಂಡು ಮತ್ತೆ ಹೊರಟಳು. ಹಿಂದಿನ ಸೀಟಿನಿಂದ ನನಗೆ ಕಾಣುತ್ತಿತ್ತು. ಮುಂದಿನ ತಿರುವು ಹತ್ತಿರವಾದಾಗ ಆರ್ಥರ್ ಬಾಯಿ ಬಿಡಲಿಲ್ಲ, ಆದರೆ ಅವರ ಬಲಗಾಲು ಬ್ರೇಕಿಲ್ಲದ ಆ ಬರಿ ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು.